ಉಸಿರಿನ ಗಿರಣಿ

ಹಿರೇಮರಡಿಯಲ್ಲಿ ಹದಿನೆಂಟು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುವ ಮರೆವ್ವನಿಗೆ ಕಣ್ಣಿಗಿಂತ ಕಿವಿ ಚುರುಕು. ಕಲ್ಲು ತಿರುಗುವ ಸದ್ದು ಕೇಳಿಯೇ ಒಳಗೆ ಬಿದ್ದದ್ದು ಬಿಳಿಜೋಳವೋ ಗೋದಿಯೋ, ಹಸಿಯೋ ಒಣಗಿದ್ದೋ ಹೇಳಿಬಿಡುತ್ತಿದ್ದಳು. ಬೆಲ್ಟು ಹರಿಯುವ ಹಿಂದಿನ ದಿನವೇ “ನಾಳೆ ಗಿರಣಿ ಬಂದ್ ಇರತೈತಿ, ಇವತ್ತ ಬೀಸಿಕೊಂಡು ಹೋಗ್ರಿ” ಎಂದು ಓಣಿಗೆಲ್ಲ ಸಾರುತ್ತಿದ್ದಳು. ಜನ ನಗುತ್ತಿದ್ದರು. ಮರುದಿನ ಬೆಲ್ಟು ಹರಿದಾಗ ನಗು ನಿಲ್ಲುತ್ತಿತ್ತು.

ಅಂಥ ಕಿವಿಯೊಳಗೆ ಈಗ ನಾಲ್ಕು ದಿನದಿಂದ ಒಂದೇ ಸದ್ದು, ಗಂಡ ಜಟ್ಟೆಪ್ಪನ ಉಸಿರು.

ಕೊರೊನಾದ ಎರಡನೆಯ ಅಲೆಯ ಮೇ ತಿಂಗಳದು. ಬೆಳಗಾವಿಯಲ್ಲಿ ಹಾಸಿಗೆ ಇಲ್ಲ, ಧಾರವಾಡದಲ್ಲಿ ಇಲ್ಲ. ಸವದತ್ತಿಯಿಂದ ಬಂದ ಉತ್ತರ, “ಇದ್ದಲ್ಲೇ ನೋಡಿಕೊಳ್ರಿ.” ಇದ್ದಲ್ಲೇ ಅಂದರೆ ಊರಿನ ಆರೋಗ್ಯ ಕೇಂದ್ರ. ಹನ್ನೊಂದು ಹಾಸಿಗೆ, ಸಂದೀಪ ಎಂಬ ಒಬ್ಬ ಹುಡುಗು ಮುಖದ ಡಾಕ್ಟರು, ಅನ್ನಪೂರ್ಣಾ ಎಂಬ ನರ್ಸು. ಜಟ್ಟೆಪ್ಪ ಗೌಂಡಿ. ಆ ಕೇಂದ್ರದ ಗೋಡೆ ಕಟ್ಟಿದವನೂ ಅವನೇ. ಒಳಗೆ ಸೇರಿದ ದಿನ ಗೋಡೆಗೆ ಎರಡು ಸಲ ಗುದ್ದಿ, “ನಾ ಕಟ್ಟಿದ ಗ್ವಾಡಿ ನನಗ ಮೋಸ ಮಾಡೂದಿಲ್ಲ ತಗೀರಿ” ಎಂದು ಎಲ್ಲರನ್ನೂ ನಗಿಸಿದ್ದ. ನಾಲ್ಕನೆಯ ದಿನಕ್ಕೆ ಅವನ ಮಾತು ಒಂದು ಉಸಿರಿಗೆ ಒಂದು ಶಬ್ದಕ್ಕೆ ಬಂದು ನಿಂತಿತ್ತು. ಮೂವತ್ತು ವರ್ಷ “ಬಾಯಿ ಮುಚ್ಚರ್ರಿ ಸಾಕು” ಎಂದು ಗದರಿಸುತ್ತ ಬಂದ ಮರೆವ್ವ, ಈಗ ಅವನು ಒಂದು ಮಾತು ಪೂರ್ತಿ ಆಡಲಿ ಎಂದು ಮನಸ್ಸಿನಲ್ಲಿಯೇ ಬೇಡುತ್ತಿದ್ದಳು. ಆಕೆಗೆ ಏಪ್ರಿಲ್‌ನಲ್ಲೇ ಜ್ವರ ಬಂದು ಹೋಗಿತ್ತು. ಹಾಗಾಗಿ ಅನ್ನಪೂರ್ಣಾ ಎರಡು ಮಾಸ್ಕು ಕೊಟ್ಟು, “ಒಳಗಿದ್ದು ನಮಗೂ ಒಂದಿಷ್ಟ ಕೈ ಹಚ್ಚಬೇ ಅಕ್ಕಾ” ಎಂದು ಇರಿಸಿಕೊಂಡಿದ್ದಳು.

ಪಕ್ಕದ ಹಾಸಿಗೆಯಲ್ಲಿ ಬಾಯವ್ವ ಮಲಗಿದ್ದಳು. ಮೇಲಿನ ಓಣಿಯ ಮಲಕಾಜಪ್ಪನ ಹೆಂಡತಿ, ಎರಡು ಎತ್ತಿನ ಜೋಡಿ, ಒಂದು ಟ್ರ್ಯಾಕ್ಟರಿನ ಮನೆತನ. ಹದಿನೆಂಟು ವರ್ಷದಲ್ಲಿ ಆ ಮನೆಯ ಜೋಳ ಕೆಳಗಿನ ಓಣಿಯ ಮರೆವ್ವನ ಗಿರಣಿ ಕಂಡಿರಲಿಲ್ಲ. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಸವದತ್ತಿಗೆ ಹೋಗಿ ಬೀಸಿಕೊಂಡು ಬರುತ್ತಿದ್ದರು. ಯಾಕೆ ಎಂದು ಇವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಕೇಳದೆ, ಹೇಳದೆ ಊರಿಗೆಲ್ಲ ಗೊತ್ತಿದ್ದ ಮಾತು ಅದು. ಈಗ ನೋಡಿದರೆ ಉಳಿದಿದ್ದ ಒಂದೇ ಆಕ್ಸಿಜನ್ ಸಿಲಿಂಡರಿಗೆ ಕವಲು ನಳಿಗೆ ಹಾಕಿ, ಬಾಯವ್ವನಿಗೂ ಜಟ್ಟೆಪ್ಪನಿಗೂ ಅದೇ ಗಾಳಿ ಹಂಚಿದ್ದರು. ಸಿಲಿಂಡರಿನ ಮುಳ್ಳು ಕೆಂಪು ಗೆರೆಗೆ ತಾಗುತ್ತಿತ್ತು. ಬೈಲಹೊಂಗಲದಿಂದ ಹೊಸದು ಬರುವುದು ನಾಡಿದ್ದು.

ಆ ಮಧ್ಯಾಹ್ನವೇ ಆಂಬುಲೆನ್ಸಿನ ಬಾಳು ಎರಡು ದೊಡ್ಡ ರಟ್ಟಿನ ಪೆಟ್ಟಿಗೆ ತಂದಿಳಿಸಿದ. ಐರ್ಲೆಂಡ್ ಎಂಬ ದೇಶದ ಒಂದು ಸಣ್ಣ ಊರಿನ ನರ್ಸುಗಳು ಮನೆ ಮನೆಗೆ ತಿರುಗಿ ಕೂಡಿಸಿ ಕಳಿಸಿದ ಯಂತ್ರಗಳು. ಡಾಕ್ಟರು ಪೆಟ್ಟಿಗೆ ಸೀಳಿದರು. ಮೊಣಕಾಲೆತ್ತರದ, ನಾಲ್ಕು ಗಾಲಿಯ, ಬಿಳಿ ಬಣ್ಣದ ಯಂತ್ರ ಹೊರಬಂತು.

“ಇದಕ್ಕ ಸಿಲಿಂಡರ್ ಬೇಕಾಗಿಲ್ಲ” ಎಂದರು ಡಾಕ್ಟರು. “ಖೋಲಿಯೊಳಗಿನ ಗಾಳಿನೇ ಎಳಕೊಂಡು, ಅದರಾಗಿನ ಆಕ್ಸಿಜನ್ ಅಷ್ಟನ್ನ ಬ್ಯಾರೆ ಮಾಡಿ ಕೊಡತದ.”

“ಅಂದ್ರ ಕೇರಿ ಕೊಡತೈತಿ ಅನ್ರಿ” ಎಂದಳು ಮರೆವ್ವ. “ಹೊಟ್ಟು ಆ ಕಡೆ, ಕಾಳು ಈ ಕಡೆ.”

ಒಂದು ವಾರದಲ್ಲಿ ಡಾಕ್ಟರು ನಕ್ಕಿದ್ದು ಅದೇ ಮೊದಲು. ಆ ನಗು ಯಂತ್ರದ ವೈರು ಬಿಚ್ಚುವವರೆಗೆ ಮಾತ್ರ ಉಳಿಯಿತು. ತುದಿಯಲ್ಲಿ ಮೂರು ದಪ್ಪ, ಚಪ್ಪಟೆ ಹಲ್ಲಿನ ಪಿನ್ನು. ಗೋಡೆಯಲ್ಲಿ ಮೂರು ದುಂಡು ತೂತು.

“ಸವದತ್ತಿಗೆ ಹೋಗಿ ಬ್ಯಾರೆ ಏನರ ತರಬೇಕು” ಎಂದ ಬಾಳು. ಆದರೆ ಲಾಕ್‌ಡೌನು, ಬೆಳಗ್ಗೆ ಹತ್ತು ಗಂಟೆಗೇ ಅಂಗಡಿ ಮುಚ್ಚುತ್ತಿದ್ದವು. ಈಗ ಎರಡು ಗಂಟೆ.

ಮರೆವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. “ಕತ್ತರಿ ಕೊಡಬೇ ಸಿಸ್ಟರ್.”

ಕಿಟಕಿಯ ಹೊರಗೆ ನಿಂತಿದ್ದ ಮಲಕಾಜಪ್ಪ ಗಾಬರಿಯಾದ. “ಏ, ಏ! ಪರದೇಶದ ಮಷೀನೈತಿ ಅದು. ಅದಕ್ಕ ಕತ್ತರಿ ಹಾಕ್ತಾಳಂತ!”

“ಯಜಮಾನರ, ಪಿನ್ನಿಗೆ ಕೈ ಮುಗದು ಕುಂತ್ರ ಸಿಲಿಂಡರ್ ತುಂಬತೈತೇನ್ರಿ?” ಎಂದಳು ಮರೆವ್ವ. “ಸಾಹೇಬ್ರ, ನೀವು ಪುಸ್ತಕದಾಗ ಯಾವ ವೈರು ಯಾವುದು ಅಂತ ಓದಿ ಹೇಳ್ರಿ. ಕೈ ನಂದು.”

ಡಾಕ್ಟರು ಪುಸ್ತಕ ತೆರೆದು ಓದಿದರು. ಕಂದು ಬಣ್ಣದ್ದು ಕರೆಂಟು ಬರುವುದು, ನೀಲಿ ಹೋಗುವುದು, ಹಸಿರಿನಲ್ಲಿ ಹಳದಿ ಗೆರೆಯದು ಭೂಮಿಗೆ. ಮರೆವ್ವ ಗಿರಣಿಯಲ್ಲಿ ಇಟ್ಟಿದ್ದ ಒಂದು ಹೊಸ ದೊಡ್ಡ ಪಿನ್ನು ತಂದಳು. ಇನ್ನೊಂದನ್ನು ಗಿರಣಿಯ ಗಾಳಿಪಂಖದಿಂದ ಬಿಚ್ಚಿದಳು. ಮಾಸ್ಕು ಸರಿಸಿ ಹಲ್ಲಿನಿಂದ ವೈರಿನ ಸಿಪ್ಪೆ ಸುಲಿದು, ತಿರುವಿ, ಸ್ಕ್ರೂ ಬಿಗಿದಳು. ಕತ್ತರಿಸಿದ ಎರಡು ಚಪ್ಪಟೆ ಪಿನ್ನುಗಳನ್ನು ಎಸೆಯಲು ಮನಸ್ಸಾಗದೆ ಕುಪ್ಪಸದಲ್ಲಿ ಇಟ್ಟುಕೊಂಡಳು.

ಗುಂಡಿ ಒತ್ತಿದರು. ಯಂತ್ರ ಒಮ್ಮೆ ಕಿರ್ರೆಂದು, ಆಮೇಲೆ ಧುಸ್... ಧುಸ್... ಎಂದು ಉಸಿರಾಡತೊಡಗಿತು. ಮರೆವ್ವ ಕಣ್ಣು ಮುಚ್ಚಿ ಕೇಳಿದಳು. ಎಡವಿಲ್ಲ, ತೊದಲಿಲ್ಲ, ಚೆನ್ನಾಗಿ ಒಣಗಿದ ಜೋಳ ಬಿದ್ದ ಕಲ್ಲಿನ ಹಾಗೆ ಒಂದೇ ಹದ. “ಸಾಹೇಬ್ರ, ಇದೂ ಗಿರಣಿನ ಐತಿ ತಗೋರಿ. ಉಸಿರಿನ ಗಿರಣಿ” ಎಂದಳು. ಜಟ್ಟೆಪ್ಪನ ಬೆರಳಿಗೆ ಸಿಕ್ಕಿಸಿದ, ಆಕ್ಸಿಜನ್ ಅಳೆಯುವ ಚಿಮಟಿಗೆಯಲ್ಲಿ ಎಂಬತ್ತೈದು ಇದ್ದದ್ದು ಸಂಜೆಗೆ ತೊಂಬತ್ತಮೂರಾಯಿತು. ಬಾಯವ್ವನದು ತೊಂಬತ್ತೊಂದು. ಸಿಲಿಂಡರು ಖಾಲಿಯಾಗಿ ಮೂಲೆ ಸೇರಿತು. ಯಾರೂ ಅದರ ಕಡೆ ನೋಡಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚಂದವಿತ್ತು. ಆದರೆ ಮನುಷ್ಯರ ಕೈ ಸುಮ್ಮನೆ ಇರುವುದಿಲ್ಲ. ಅದರಲ್ಲೂ ಪ್ರೀತಿ ಉಕ್ಕಿದ ಕೈ.

ಆ ಸಂಜೆ ಗಾಳಿ ಎದ್ದಿತು. ಕೇಂದ್ರದ ಮುಂದೆ ರಸ್ತೆ ಅಗೆದು ಬಿಟ್ಟಿದ್ದರು. ಕಿಟಕಿಯಿಂದ ಕರಿಮಣ್ಣಿನ ಧೂಳು ಒಳಗೆ ನುಗ್ಗಿ ಬಿಳಿ ಯಂತ್ರದ ಬೆನ್ನ ಮೇಲೆ ಕುಳಿತಿತು. ಮರೆವ್ವ ಸೆರಗಿನಿಂದ ಅದನ್ನು ಒರೆಸಿದಳು. ಹದಿನೆಂಟು ವರ್ಷ ಆಕೆ ಹೊಡೆದಾಡಿದ್ದೆಲ್ಲ ಧೂಳಿನ ಜೊತೆಗೇ. ಮೋಟರಿಗೆ ಬಟ್ಟೆ, ಸ್ವಿಚ್ಚಿಗೆ ಬಟ್ಟೆ, ಮನೆಯ ಟಿವಿಗೆ, ಮಿಕ್ಸರಿಗೆ, ಹೊಲಿಗೆ ಯಂತ್ರಕ್ಕೆ ಒಂದೊಂದು ಕುಚ್ಚಿನ ಮುಸುಕು. ಸಮುದ್ರ ದಾಟಿ ಬಂದ ಉಡುಗೊರೆ ಬತ್ತಲೆ ನಿಲ್ಲುವುದೇ? ಗಿರಣಿಯಲ್ಲಿ ಹಿಟ್ಟು ಇಳಿಯುವ ಬಾಯಿಗೆ ಬಟ್ಟೆಯ ತೋಳು ಕಟ್ಟುತ್ತಾರಲ್ಲ, ಅದಕ್ಕೆಂದು ತಂದಿಟ್ಟಿದ್ದ ದಪ್ಪ ಕೋರಾ ಬಟ್ಟೆ ಇತ್ತು. ಅಳತೆ ಹಿಡಿದು, ಕತ್ತರಿಸಿ, ಹೊಲಿದು ಎರಡು ಅಂಗಿ ಮಾಡಿ ತಂದಳು. ಗುಂಡಿಗೊಂದು ಕಿಂಡಿ, ನಳಿಗೆಗೊಂದು ಕಿಂಡಿ, ಅಂಚಿಗೆ ಕೆಂಪು ದಾರದ ಹೊಲಿಗೆ. ಡಾಕ್ಟರು ಆಗಲೇ, ಕಡೆಗೂ ಖಾಲಿಯಾದ ಒಂದೇ ಒಂದು ಹಾಸಿಗೆಗೆ ಇನ್ನೊಬ್ಬ ರೋಗಿಯನ್ನು ಕರೆದುಕೊಂಡು ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಹೋಗಿದ್ದರು.

“ಅಯ್ಯ, ಎಷ್ಟ ಚಂದ ಕಾಣಸ್ತೈತಿ ಅಕ್ಕಾ!” ಎಂದಳು ಅನ್ನಪೂರ್ಣಾ. “ನಮ್ಮ ಮನಿ ಫ್ರಿಜ್ಜಿಗೂ ಒಂದು ಹೊಲದು ಕೊಡಬೇ.”

ಹೆಂಡತಿಯನ್ನು ನೋಡಲು ಮಾಸ್ಕು ಹಾಕಿಕೊಂಡು ಒಳಗೆ ಬಂದಿದ್ದ ಮಲಕಾಜಪ್ಪನೂ ಮೆಚ್ಚಿಕೊಂಡ. “ಶಾಣ್ಯಾಕಿ ಅದಿ ಬಿಡು” ಎಂದು ಬಗ್ಗಿ, ಹಿಂದುಗಡೆಯ ಲಾಡಿಗಳನ್ನು ತಾನೇ ಎಳೆದು ಗಂಟು ಹಾಕಿದ. ಎತ್ತಿನ ಹಗ್ಗಕ್ಕೆ ಹಾಕುವಂಥ ಗಂಟು.

ಮರುದಿನ ಬೆಳಗ್ಗೆ ಆರರಿಂದ ಹತ್ತರವರೆಗೆ ಗಿರಣಿ ನಡೆಸಿ ಮರೆವ್ವ ಕೇಂದ್ರಕ್ಕೆ ಬಂದಾಗ ಜಟ್ಟೆಪ್ಪ ಅರ್ಧ ರೊಟ್ಟಿ ತಿಂದಿದ್ದ. ಮಧ್ಯಾಹ್ನ ಬಿಸಿಲು ಏರಿತು. ತಗಡಿನ ಮಾಡು ಕಾಯ್ದು ಟಿಕ್ ಟಿಕ್ ಎನ್ನುತ್ತಿತ್ತು. ಒಂದೂವರೆ ಆಗಿರಬೇಕು, ಬಾಯವ್ವನ ಯಂತ್ರ ಕೀಂ ಎಂದು ಚೀರಿತು. ಕೆಂಪು ದೀಪ. ಅನ್ನಪೂರ್ಣಾ ಓಡಿಬಂದು ಗುಂಡಿ ಒತ್ತುವಷ್ಟರಲ್ಲಿ ಜಟ್ಟೆಪ್ಪನದೂ ಚೀರತೊಡಗಿತು.

ಜಟ್ಟೆಪ್ಪನ ಅಂಕಿ ಇಳಿಯತೊಡಗಿತು. ಎಂಬತ್ತೆಂಟು. ಎಂಬತ್ತನಾಲ್ಕು.

ಅನ್ನಪೂರ್ಣಾ ಫೋನು ಹಚ್ಚಿದಳು. ಡಾಕ್ಟರು ದಾರಿಯಲ್ಲಿದ್ದರು. ಮಾತು ಹರಿದು ಹರಿದು ಕೇಳಿತು. “ಒಂದು ಕೆಟ್ಟಿದ್ರ ಇನ್ನೊಂದಕ್ಕ...” ಎನ್ನುವುದರಲ್ಲಿ ತುಂಡಾಯಿತು. ಇನ್ನೊಂದೂ ಚೀರುತ್ತಿದೆ ಎಂದು ಹೇಳಲು ಆ ಕಡೆ ಯಾರೂ ಇರಲಿಲ್ಲ. ಅವಳು ಇಬ್ಬರನ್ನೂ ಬೋರಲು ಮಲಗಿಸಿದಳು.

“ನನಗ ಗೊತ್ತಿತ್ತು!” ಬಾಗಿಲಲ್ಲಿ ಮಲಕಾಜಪ್ಪ ಹಣೆ ಹಣೆ ಬಡಿದುಕೊಂಡ. “ಬ್ಯಾಡಾದದ್ದನ್ನ ನಮ್ಮ ತಲಿಗೆ ಕಟ್ಟ್ಯಾರ ಅವರು! ಚಲೋದಿದ್ರ ಯಾರರ ಪುಕ್ಕಟ ಕೊಡತಾರೇನು? ಕಾರು ತರಸ್ತೇನಿ, ಬೆಳಗಾವಿಗೆ ಹೋಗೂಣು.”

“ಎರಡು ತಾಸಿನ ದಾರಿ, ಕಾಕಾ” ಎಂದಳು ಅನ್ನಪೂರ್ಣಾ. “ಅಲ್ಲಿ ಹಾಸಿಗಿನೂ ಇಲ್ಲ.” ಎರಡು ತಾಸು ಎಂದರೆ ಏನೆಂದು ಎಲ್ಲರಿಗೂ ತಿಳಿಯಿತು.

ಎಂಬತ್ತೊಂದು. ಜಟ್ಟೆಪ್ಪನ ತುಟಿಯ ಬಣ್ಣ ಬದಲಾಗುತ್ತಿತ್ತು. ಅವನು ಮರೆವ್ವನ ಕೈ ಹಿಡಿದು ಏನೋ ಹೇಳಲು ಹೋದ, ಮಾತು ಹೊರಗೆ ಬರಲಿಲ್ಲ. ಅವನಿಗೆ ಮಾತು ಹೊರಡದೆ ಇದ್ದದ್ದನ್ನು ಆಕೆ ಬಾಳಿನಲ್ಲಿ ನೋಡಿರಲಿಲ್ಲ. ಕೈ ಬಿಡಿಸಿಕೊಂಡಳು. ಯಂತ್ರದ ಪಕ್ಕ ನೆಲಕ್ಕೆ ಕುಳಿತಳು.

“ಆ ಚೀರೂದನ್ನ ಒಂದೀಟ ಬಂದ್ ಮಾಡಬೇ ಸಿಸ್ಟರ್. ನನಗ ಅದರ ಸದ್ದು ಕೇಳಬೇಕು.”

ಅನ್ನಪೂರ್ಣಾ ಒಂದು ಗುಂಡಿ ಒತ್ತಿ ಚೀರುವುದನ್ನು ನಿಲ್ಲಿಸಿದಳು. ಮರೆವ್ವ ಕಿವಿಯನ್ನು ಯಂತ್ರಕ್ಕೆ ಹಚ್ಚಿದಳು. ನಿನ್ನೆಯ ಧುಸ್... ಧುಸ್... ಇರಲಿಲ್ಲ. ಧುಸ್ಸು ಅರ್ಧಕ್ಕೇ ತುಂಡಾಗಿ, ಎಳೆದು, ಮತ್ತೆ ತುಂಡಾಗುತ್ತಿತ್ತು. ಬಟ್ಟೆಯ ಮೇಲೆ ಅಂಗೈ ಇಟ್ಟಳು. ಸುಟ್ಟಿತು.

ಈ ಬಿಸಿ ಆಕೆಗೆ ಗೊತ್ತು. ಹಿಟ್ಟು ಮೆತ್ತಿ ಬಟ್ಟೆಯ ತೋಳು ಕಟ್ಟಿಕೊಂಡಾಗ ಗಿರಣಿ ಹೀಗೇ ಕಾಯುತ್ತದೆ, ಹೀಗೇ ಏದುಸಿರು ಬಿಡುತ್ತದೆ. ಹೊಸದಾಗಿ ಗಿರಣಿ ಹಾಕಿದ ವರ್ಷ ಒಮ್ಮೆ ಮೋಟರು ಸುಟ್ಟುಕೊಂಡು ಕಲಿತ ಪಾಠ ಅದು. ಒಳಗೆ ಹೋಗುವ ಗಾಳಿಗೆ ದಾರಿ ಬೇಕು. ಡಾಕ್ಟರು ಏನು ಹೇಳಿದ್ದರು? ಖೋಲಿಯ ಗಾಳಿ ಎಳೆದುಕೊಳ್ಳುತ್ತದೆ. ಎಲ್ಲಿಂದ ಎಳೆಯಬೇಕು ಅದು, ನಾನು ಕುತ್ತಿಗೆಯ ತನಕ ಅಂಗಿ ತೊಡಿಸಿ ಕೂಡಿಸಿದ ಮೇಲೆ?

“ಅಯ್ಯೋ ನನ್ನವ್ವಾ” ಎಂದಳು. “ನಾನ ಕುತ್ತಿಗಿ ಹಿಸಕೇನಿ!”

ಗಂಟು ಬಿಚ್ಚಲು ಹೋದರೆ ಬಿಚ್ಚಲಿಲ್ಲ, ಎತ್ತಿನ ಗಂಟು. ಮಾಸ್ಕು ಸರಿಸಿ, ಹಲ್ಲು ಹಾಕಿ ಬಟ್ಟೆಯನ್ನೇ ಹರಿದಳು. ಕೆಂಪು ದಾರ ಪರಪರ ಕಿತ್ತು ಬಂತು. ಹಿಂದುಗಡೆ ಜಾಲರಿಯಂಥ ಒಂದು ಮುಚ್ಚಳ. ಎಳೆದಾಗ ಒಳಗಿಂದ ಕರಿ ಸ್ಪಂಜಿನ ತುಂಡು ಬಂತು. ಸ್ಪಂಜಿನ ತುಂಬ ಬೆಳ್ಳಗೆ ಹಿಟ್ಟು. ಗಿರಣಿಯಲ್ಲಿ ಬಿದ್ದಿದ್ದ ಬಟ್ಟೆಯಲ್ಲಿ ಇದ್ದ ಹಿಟ್ಟನ್ನು ಯಂತ್ರ ಪಾಪ ರಾತ್ರಿಯೆಲ್ಲ ಎಳೆದುಕೊಂಡಿತ್ತು.

“ಯಜಮಾನರ, ನಿಂತು ನೋಡಬ್ಯಾಡ್ರಿ, ಆ ಕಡೀದರ ಅಂಗಿ ಹರೀರಿ! ಕಿಟಕಿ ತಗೀರಿ!”

ಮಲಕಾಜಪ್ಪ ಎರಡು ಮಾತಾಡದೆ ಹೆಂಡತಿಯ ಯಂತ್ರದ ಬಟ್ಟೆ ಹರಿದ. ಮರೆವ್ವ ಎರಡೂ ಸ್ಪಂಜನ್ನು ನಳದ ಕೆಳಗೆ ಹಿಡಿದು ತೊಳೆದಳು. ಹಿಟ್ಟು ಅಂಬಲಿಯಾಗಿ ಹರಿಯಿತು. ಒಣ ಟವೆಲಿನಲ್ಲಿ ಇಟ್ಟು ಒತ್ತಿ ಒತ್ತಿ ನೀರು ಹಿಂಡಿದಳು. ಅವು ಒಣಗುವವರೆಗೆ ಯಂತ್ರಗಳನ್ನು ಬಂದ್ ಮಾಡಿ, ಗೋಡೆಯಿಂದ ಎಳೆದು ಖೋಲಿಯ ನಡುವಿಗೆ ತಂದು, ರಟ್ಟಿನ ಪೆಟ್ಟಿಗೆಯ ಮುಚ್ಚಳದಿಂದ ಬೀಸಿದಳು. ಮೊರದಲ್ಲಿ ಜೋಳ ಹಸನು ಮಾಡುವ ಹೆಂಗಸಿನ ತೋಳು, ಬೀಸಿತೆಂದರೆ ಬೀಸಿತು. ಆಮೇಲೆ ಸ್ಪಂಜು ಒಳಗೆ ಹಾಕಿ, ಮುಚ್ಚಳ ಕೂಡಿಸಿ, ಗುಂಡಿ ಒತ್ತಿದಳು.

ಕೆಂಪು ದೀಪ.

ಅನ್ನಪೂರ್ಣಾ ಜಟ್ಟೆಪ್ಪನ ಬೆನ್ನು ಸವರುತ್ತಿದ್ದಳು. ಎಪ್ಪತ್ತೊಂಬತ್ತು.

ಕೆಂಪು ಹೋಗಿ ಹಳದಿ ಬಂತು. ಮರೆವ್ವ ಕಣ್ಣು ಮುಚ್ಚಿ ಕೇಳಿದಳು. ಧು... ಧುಸ್... ಒಂದು ಗಂಟಲು ತೆರೆದ ಹಾಗೆ. ಧುಸ್... ಧುಸ್... “ಬಂತು” ಎಂದಳು ಆಕೆ. ದೀಪ ಇನ್ನೂ ಹಳದಿಯೇ ಇತ್ತು. ಆಕೆ ಹೇಳಿದ ಮೇಲೆ ಹಸಿರಾಯಿತು.

ಜಟ್ಟೆಪ್ಪನದು ಎಂಬತ್ತೆರಡು. ಎಂಬತ್ತಾರು. ಮಲಕಾಜಪ್ಪ ಹೆಂಡತಿಯ ಬೆರಳಿನ ಅಂಕಿಯನ್ನು ಪಂಚಾಂಗ ಓದುವವನ ಹಾಗೆ ಗಟ್ಟಿಯಾಗಿ ಓದುತ್ತಿದ್ದ. “ಎಂಬತ್ತೊಂಬತ್ತು! ತೊಂಬತ್ತು! ತೊಂಬತ್ತರ ಮುಂದ ಹೋತಲೇ!” ಯಾರಿಗೆ ‘ಲೇ’ ಎಂದನೋ ಅವನಿಗೇ ತಿಳಿಯದು.

ಜಟ್ಟೆಪ್ಪನದು ತೊಂಬತ್ತೆರಡಕ್ಕೆ ಬಂದು ನಿಂತಾಗ ಮರೆವ್ವ ಎದ್ದು ನಿಂತಳು. ಮುಖ, ಮಾಸ್ಕು, ಹುಬ್ಬು ಎಲ್ಲ ಹಿಟ್ಟು. “ಅವರು ಕೊಟ್ಟದ್ದು ಚಲೋನ ಐತ್ರಿ ಯಜಮಾನರ. ಕೆಡಿಸಿದಾಕಿ ನಾನು. ಈ ಅಂಗಿ ಹೊಲದಾಕಿ ನಾನು.”

ಮಲಕಾಜಪ್ಪ ಹರಿದ ಬಟ್ಟೆಯನ್ನು ನೋಡಿದ. ಲಾಡಿಯ ಗಂಟು ಇನ್ನೂ ಹಾಗೆಯೇ ಇತ್ತು. “ಗಂಟ ಹಾಕಿದಾಂವ ನಾನು” ಎಂದ. ಸ್ವಲ್ಪ ತಡೆದು, “ಆ ನರ್ಸ್‌ಬಾಯಿಗೋಳಿಗೆ ಬೈದಾಂವನೂ ನಾನು” ಎಂದ.

ಅನ್ನಪೂರ್ಣಾ ಆಗ ಪುಸ್ತಕ ಬಿಡಿಸಿದಳು. ನಿನ್ನೆ ಎಲ್ಲರೂ ಕೂಡಿ ಓದಿದ್ದು ಪಿನ್ನಿನ ಪುಟ ಒಂದೇ. ಎರಡು ಪುಟ ತಿರುವಿದರೆ ಒಂದು ಚಿತ್ರವಿತ್ತು. ಯಂತ್ರದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ದೊಡ್ಡ ಕೆಂಪು ಇಂಟು ಗುರುತು.

ಹಾಸಿಗೆಯಿಂದ ಸಣ್ಣ ದನಿ ಬಂತು. ಜಟ್ಟೆಪ್ಪ ಒಂದೊಂದೇ ಶಬ್ದ ಕೂಡಿಸುತ್ತಿದ್ದ. “ಮೂವತ್ತು... ವರ್ಷ... ನನ್ನ ಬಾಯಿ ಮುಚ್ಚಿಸಿದಿ.” ಉಸಿರು ತೆಗೆದುಕೊಂಡ. “ಈಗ... ಮಷೀನಿನ ಬಾಯಿನೂ... ಮುಚ್ಚಿದೆಲ್ಲಬೇ.”

ಪೂರ್ತಿ ಎರಡು ಮಾತು. ಮರೆವ್ವ ಗೋಡೆಯ ಕಡೆ ತಿರುಗಿ, ಅವನೇ ಕಟ್ಟಿದ ಗೋಡೆಗೆ ಹಣೆ ಹಚ್ಚಿ, ನಕ್ಕಳೋ ಅತ್ತಳೋ, ಭುಜ ಮಾತ್ರ ಕುಣಿಯುತ್ತಿದ್ದವು.

ಸಂಜೆ ಡಾಕ್ಟರು ಬಂದು ಎಲ್ಲ ಕೇಳಿದರು. ಬೈಯಲಿಲ್ಲ. “ಇಡೀ ಪುಸ್ತಕ ಓದಿ ಹೇಳೂದು ನನ್ನ ಕೆಲಸ ಇತ್ತು” ಎಂದರು. ಆಮೇಲೆ ಫೋನು ತೋರಿಸಿದರು. ರಾಮದುರ್ಗದ ಕಡೆಯ ಒಂದು ಶಾಲೆಯಲ್ಲಿ, ಕಿತ್ತೂರಿನ ಆಚೆಯ ಒಂದು ಹಾಸ್ಟೆಲಿನಲ್ಲಿ, ಬೈಲಹೊಂಗಲದ ಹತ್ತಿರದ ಒಂದು ಕಲ್ಯಾಣಮಂಟಪದಲ್ಲಿ ಇಂಥವೇ ಯಂತ್ರ ಬಂದು, ಪಿನ್ನು ಕೂಡದೆ ಪೆಟ್ಟಿಗೆಯಲ್ಲೇ ಕುಳಿತಿದ್ದವು. “ಮರೆವ್ವಾರ, ನಾಳೆ ಬಾಳೂನ ಗಾಡ್ಯಾಗ ಹೋಗಿ ಬರತೀರೇನು?”

ಮರೆವ್ವ ಗಂಡನ ಕಡೆ ನೋಡಿದಳು. “ಹೋಗು” ಎಂದ ಜಟ್ಟೆಪ್ಪ. “ನೀ ಇದ್ರ... ನನಗ ಮಾತಾಡಾಕ ಬಿಡೂದಿಲ್ಲ.”

ಮರುದಿನ ಮರೆವ್ವ ಸವದತ್ತಿಯ ಅಂಗಡಿಯವನನ್ನು ಬೆಳಗ್ಗೆ ಆರು ಗಂಟೆಗೆ ಬಾಗಿಲು ಬಡಿದು ಎಬ್ಬಿಸಿ, ಇದ್ದಬದ್ದ ದೊಡ್ಡ ಪಿನ್ನನ್ನೆಲ್ಲ ಎತ್ತಿಕೊಂಡು ಹೊರಟಳು. ಮೂರು ದಿನ, ಮೂರು ಕಡೆ, ಹದಿನಾಲ್ಕು ಯಂತ್ರ. ಕಂದು, ನೀಲಿ, ಹಸಿರು ಎಂದು ಹೇಳಿಕೊಳ್ಳುತ್ತ ಬಾಳು ವೈರು ಹಿಡಿದ, ಮರೆವ್ವ ಸ್ಕ್ರೂ ಬಿಗಿದಳು. ಕಿತ್ತೂರಿನ ಆಚೆ ಯಂತ್ರಗಳಿಗೆ ಚೆಂಡುಹೂವಿನ ಹಾರ ಹಾಕಿ, ಶಾಲು ಹೊದಿಸಿ, ವಿಭೂತಿ ಬಳಿದು ಸಾಲಾಗಿ ನಿಲ್ಲಿಸಿದ್ದರು. ಮದುವೆಗೆ ನಿಂತ ಮದುಮಕ್ಕಳ ಹಾಗೆ. “ದೂರದಿಂದ ಬಂದ ಬೀಗರು, ಬರಿಮೈಲೆ ಹ್ಯಾಂಗ ನಿಂದರಸೂದ್ರಿ?” ಎಂದಳು ಅಲ್ಲಿ ಅಡುಗೆ ಮಾಡುವ ರಾಚವ್ವ. ಮರೆವ್ವ ಶಾಲುಗಳನ್ನು ಒಂದೊಂದಾಗಿ ತೆಗೆದು ಮಡಿಸಿ ಆಕೆಯ ಕೈಗೆ ಕೊಟ್ಟಳು. “ಬೀಗರಿಗೆ ಸೆಕಿ ಆಗತೈತಿ ತಂಗಿ. ನಾನೂ ಹೊದಿಸಿ ಬಂದಾಕೀನ.” ಹದಿನಾಲ್ಕೂ ಒಟ್ಟಿಗೆ ಅಲ್ಲದಿದ್ದರೂ, ಒಂದಾದ ಮೇಲೊಂದು ಧುಸ್ ಎಂದವು. ಪ್ರತಿ ಕಡೆಯೂ ಹೊರಡುವ ಮುಂಚೆ ಆಕೆ ಇದ್ದಿಲಿನಿಂದ ಗೋಡೆಯ ಮೇಲೆ ಒಂದು ಯಂತ್ರ ಬರೆದು, ಅದರ ಸುತ್ತ ಒಂದು ಮೊಳ ಜಾಗ ಬಿಟ್ಟು ಗೆರೆ ಎಳೆದಳು.

ಜೂನ್ ಮೊದಲ ವಾರ ಹಿರೇಮರಡಿಯ ಹನ್ನೊಂದು ಹಾಸಿಗೆಯಿಂದ ಹನ್ನೊಂದು ಜನ ನಡೆದು ಹೊರಗೆ ಬಂದರು. ಜಟ್ಟೆಪ್ಪ ಎಲ್ಲರಿಗಿಂತ ಕಡೆಗೆ ಬಂದ. ನರ್ಸಿಗೆ, ಡಾಕ್ಟರಿಗೆ, ಗೋಡೆಗೆ, ಯಂತ್ರಕ್ಕೆ ಒಂದೊಂದು ಭಾಷಣ ಮಾಡಿ ಮುಗಿಸಬೇಕಲ್ಲ.

ಯಂತ್ರದ ಎರಡು ಖಾಲಿ ಪೆಟ್ಟಿಗೆಗಳು ಮಾತ್ರ ಮರೆವ್ವನ ಕಣ್ಣಿಗೆ ಚುಚ್ಚುತ್ತಿದ್ದವು. ಪಕ್ಕದ ಮನೆಯಿಂದ ಬಟ್ಟಲು ತುಂಬಿ ಬಂದರೆ ಬಟ್ಟಲನ್ನು ಖಾಲಿ ಮರಳಿಸುವುದುಂಟೆ? ಕಡೆಗೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. “ಕಡಕ್ ರೊಟ್ಟಿ ಕಳಸೂಣ್ರಿ ಸಾಹೇಬ್ರ. ಎರಡು ತಿಂಗಳಿಟ್ಟರೂ ಕೆಡೂದಿಲ್ಲ. ಜ್ವಾಳ ನಂದು.”

ಮರುದಿನ ಮುಂಜಾನೆ ಆರಕ್ಕೆ ಗಿರಣಿಯ ಮುಂದೆ ಟ್ರ್ಯಾಕ್ಟರು ನಿಂತಿತು. ಬಾಯವ್ವ ಗಂಡನ ಕೈ ಹಿಡಿದು ಇಳಿದಳು. ಹಿಂದೆ ಜೋಳದ ಚೀಲ.

“ರೊಟ್ಟಿ ನಿನ್ನ ಜ್ವಾಳದ್ದಂತ ಯಾರು ಹೇಳ್ಯಾರ?” ಎಂದಳು ಬಾಯವ್ವ, ಏದುತ್ತ. “ಆ ನಳಿಗ್ಯಾಗ ಉಸಿರು ನಿನ್ನ ಗಂಡಗಷ್ಟ ಬಂದಿತ್ತೇನು? ನನ್ನ ಜ್ವಾಳ ಬೀಸು. ಸಣ್ಣಗ ಬೀಸಬೇ, ತರಿ ಇರಬಾರದು.”

ಮರೆವ್ವ ಕಲ್ಲಿಗೆ ಕಿವಿ ಕೊಟ್ಟೇ ಉತ್ತರಿಸಿದಳು. “ಬೀಸತೇನ್ರಿ ಅಕ್ಕಾರ. ಪಾಳಿ ಐತಿ. ನಿಮ್ಮ ಮುಂದ ನಾಕು ಮಂದಿ ಅದಾರ.”

ಮಲಕಾಜಪ್ಪ ಬಾಯಿ ತೆರೆಯುವಷ್ಟರಲ್ಲಿ ಬಾಯವ್ವ ಗಿರಣಿಯ ಕಟ್ಟೆಯ ಮೇಲೆ ಕುಳಿತಾಗಿತ್ತು. “ಹಚ್ಚರ್ರಿ ಚೀಲ ಪಾಳಿಗೆ” ಎಂದಳು ಗಂಡನಿಗೆ. ಕಟ್ಟೆಯ ಇನ್ನೊಂದು ತುದಿಯಲ್ಲಿ ಜಟ್ಟೆಪ್ಪ ಆಗಲೇ ಮಾತು ಶುರು ಮಾಡಿದ್ದ. ಗಿರಣಿಯ ಮೊಳೆಯಲ್ಲಿ ಎರಡು ಚಪ್ಪಟೆ ಪಿನ್ನು ನೇತಾಡುತ್ತಿದ್ದವು.

ಮೂರು ಓಣಿಯ ಹೆಂಗಸರು ಕೂಡಿ ರೊಟ್ಟಿ ಬಡಿದರು. ಪೆಟ್ಟಿಗೆ ಹೋಯಿತು. ಪೂರ್ತಿ ಒಂದೂವರೆ ತಿಂಗಳಾದ ಮೇಲೆ ಡಾಕ್ಟರ ಫೋನಿಗೆ ಒಂದು ಫೋಟೋ ಬಂತು. ಬಿಳಿ ಕೂದಲಿನ ನರ್ಸೊಬ್ಬಳು ರೊಟ್ಟಿ ಕಚ್ಚಿದ್ದಾಳೆ. ಮುಖ ಕಿವುಚಿ ನಗುತ್ತಿದ್ದಾಳೆ. ಚೂರೆಲ್ಲ ಕೋಟಿನ ಮೇಲೆ.

“ಪಾಪ, ಒಣಾನ ತಿನ್ನಾಕ ಹತ್ಯಾಳ!” ಮರೆವ್ವ ಹಣೆ ಬಡಿದುಕೊಂಡಳು. “ಅವರು ಪುಸ್ತಕ ಕಳಿಸಿದ್ರು, ನಾವು ಓದಲಿಲ್ಲ. ನಾವು ಪುಸ್ತಕನ ಕಳಿಸಲಿಲ್ಲ. ಬರೀರಿ ಸಾಹೇಬ್ರ. ಮೊದಲ ಶೇಂಗಾ ಚಟ್ನಿ, ಮ್ಯಾಲೆ ಎಣ್ಣಿ, ಇಲ್ಲಾ ಮಸರು...”

“ಎಲ್ಲಕ್ಕಿಂತ ಮೊದಲ ಇದನ್ನ ಬರೀರಿ” ಎಂದ ಜಟ್ಟೆಪ್ಪ ಒಂದೇ ಉಸಿರಿನಲ್ಲಿ, ತಡೆಯಿಲ್ಲದೆ, ನಿಲ್ಲದೆ. “ರೊಟ್ಟಿ ಡಬ್ಬಿ ಮಾತ್ರ ಗಟ್ಟಿ ಮುಚ್ಚಿಡ್ರಿ, ಅಲ್ಲಿ ಮಳಿ ಭಾಳಂತ, ಮೆತ್ತಗಾದಾವು.”